ಆ ಕಳ್ಳರ ಗತಿ ಏನಾತು?

ಕಾಶಿಯ ಹನುಮಾನ್ ಘಾಟಿಗೂ ಹರಿಶ್ಚಂದ್ರ ಘಾಟಿಗೂ ನಡುವೆ ಮೈಸೂರು ಸಂಸ್ಥಾನದ ಕಾಲದ ಕರ್ನಾಟಕ ಘಾಟ್ ಇದೆ. ಅದರ ಬೆನ್ನಿಗಿರುವ ಗಲ್ಲಿಗಳಲ್ಲಿ ತಮಿಳರು, ತೆಲುಗರು, ನಮ್ಮವರು ತಲೆಮಾರುಗಳಿಂದ ಮನೆ ಮಾಡಿಕೊಂಡಿದ್ದಾರೆ. ತಮಿಳಿನ ಕವಿ ಸುಬ್ರಹ್ಮಣ್ಯ ಭಾರತಿ ಹುಡುಗನಾಗಿದ್ದಾಗ ಬಂದು ಉಳಿದದ್ದು ಇದೇ ಹನುಮಾನ್ ಘಾಟಿನಲ್ಲಿ. ಎಂಬತ್ತರ ದಶಕದ ನಡುವಿನಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ನಾನೂ ಅಲ್ಲೊಂದು ಕನ್ನಡದ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಮನೆಯ ಯಜಮಾನಿ ಧಾರವಾಡದ ಕಡೆಯ ಅಜ್ಜಿ. ಮದುವೆಯಾಗಿ ಕಾಶಿಗೆ ಬಂದ ಮೇಲೆ ತವರಿಗೆ ಹೋದದ್ದು ಕಡಿಮೆ. ಅವರ ಅಡುಗೆಮನೆಯ ಗೂಡಿನಲ್ಲಿ ಒಂದು ಮರ್ಫಿ ರೇಡಿಯೋ, ಪಡಸಾಲೆಯಲ್ಲಿ ಒಂದು ಟ್ರಾನ್ಸಿಸ್ಟರ್. ಟ್ರಾನ್ಸಿಸ್ಟರಿಗೇ ಕೆಲಸ ಜಾಸ್ತಿ, ಏಕೆಂದರೆ ಬನಾರಸಿನ ಕರೆಂಟು ರಾತ್ರಿ ನಾಟಕದ ಹೊತ್ತಿಗೆ ಸರಿಯಾಗಿ ಹೋಗುತ್ತಿತ್ತು.

ಗಲ್ಲಿ ಎಷ್ಟು ಇಕ್ಕಟ್ಟೆಂದರೆ ಎದುರು ಮನೆಯವರಿಗೆ ಕಿಟಕಿಯಿಂದಲೇ ಸಾರಿನ ಬಟ್ಟಲು ದಾಟಿಸಬಹುದು. ಕರೆಂಟು ಹೋದರೆ ಸೆಲ್ ಇದ್ದವರ ರೇಡಿಯೋ ಇಡೀ ಗಲ್ಲಿಯ ರೇಡಿಯೋ. ಅಜ್ಜಿ ಟ್ರಾನ್ಸಿಸ್ಟರನ್ನು ಕಿಟಕಿಯ ಸರಳಿಗೆ ಒರಗಿಸಿ ಧ್ವನಿ ಏರಿಸುತ್ತಿದ್ದರು. ಕೆಳಗೆ ಕಟ್ಟೆಯ ಮೇಲೆ ಕೋರ್ಟಿನಿಂದ ನಿವೃತ್ತರಾದ ಪೇಶ್ಕಾರ್ ಸಾಹೇಬರು, ಎದುರಿನ ಬಾಗಿಲಲ್ಲಿ ತಮಿಳು ಮಾಮಿ, ಮೂಲೆಯಲ್ಲಿ ಪಾನ್ ಅಂಗಡಿಯವ, ಮಕ್ಕಳು, ಮರಿಗಳು. ಕತ್ತಲಲ್ಲಿ ಯಾರು ಎಲ್ಲಿ ಕೂತಿದ್ದಾರೆಂದು ಕೆಮ್ಮು ಕೇಳಿ ತಿಳಿಯಬೇಕು.

ಹಾಗೆ ಕೂತು ಕೇಳುವ ರೂಢಿ ಹೋಯಿತೆಂಬ ದುಃಖ ನನಗಿದೆ. ಅದಕ್ಕಿಂತ ಹೆಚ್ಚಿನ ದುಃಖ, ಕೇಳಿಯಾದ ಮೇಲೆ ಮರುದಿನ ಬೆಳಗಿನಿಂದ ನಡೆಯುತ್ತಿದ್ದ ವಾದ ಹೋದದ್ದು. ಪತ್ತೇದಾರಿ ನಾಟಕ ಕೊಲೆಗಾರನ ಹೆಸರು ಹೇಳಿ ಮುಗಿಸಿಬಿಡುತ್ತಿತ್ತು. ಅವನು ಮಾಡಿದ್ದು ಸರಿಯೋ ತಪ್ಪೋ, ಪತ್ತೆ ಮಾಡಿದವನು ಮಾಡಿದ್ದು ಸರಿಯೋ ತಪ್ಪೋ ಎಂಬುದು ಗಲ್ಲಿಯ ಪಾಲಿಗೆ ಉಳಿಯುತ್ತಿತ್ತು.

ವಿವಿಧ ಭಾರತಿ ಶುರುವಾದದ್ದು 1957ರ ಅಕ್ಟೋಬರಿನಲ್ಲಿ. ಅದಕ್ಕೆ ರೂಪ ಕೊಟ್ಟವರಲ್ಲಿ ಮುಖ್ಯರು ಹಿಂದಿ ಕವಿ ಪಂಡಿತ್ ನರೇಂದ್ರ ಶರ್ಮಾ. ಅದರ 'ಹವಾ ಮಹಲ್' ಕಾಲು ಗಂಟೆಯ ನಾಟಕಗಳ ಕಾರ್ಯಕ್ರಮ. ಅದರಲ್ಲಿ ಹೆಚ್ಚಿನವು ನಗೆಯವು, ನಡುನಡುವೆ ರಹಸ್ಯದವು. 1967ರಲ್ಲಿ ಜಾಹೀರಾತು ಸೇವೆ ಬಂದ ಮೇಲೆ ಕಂಪನಿಗಳು ಹಣ ಹಾಕಿ ಮಾಡಿಸುವ ಕಾರ್ಯಕ್ರಮಗಳೂ ಬಂದವು. ಈಗಲ್ ಫ್ಲಾಸ್ಕಿನವರ 'ಇನ್ಸ್‌ಪೆಕ್ಟರ್ ಈಗಲ್' ಎಂದರೆ ಇವತ್ತಿಗೂ ಆ ವಯಸ್ಸಿನವರ ಮುಖ ಅರಳುತ್ತದೆ. ಇದರ ಜೊತೆಗೆ ಮಹಮೂರ್‌ಗಂಜ್‌ನ ಆಕಾಶವಾಣಿ ವಾರಾಣಸಿ ಕೇಂದ್ರದ ನಾಟಕಗಳು. ತಿಂಗಳಿಗೊಮ್ಮೆ ಗುರುವಾರ ರಾತ್ರಿ ಒಂಬತ್ತೂವರೆಗೆ ಅಖಿಲ ಭಾರತ ನಾಟಕ ಕಾರ್ಯಕ್ರಮ. ಒಂದೇ ನಾಟಕ ಆ ರಾತ್ರಿ ದೇಶದ ಎಲ್ಲ ಕೇಂದ್ರಗಳಿಂದ ಆಯಾ ಭಾಷೆಯಲ್ಲಿ. ಇಲ್ಲಿ ಅಜ್ಜಿ ಹಿಂದಿಯಲ್ಲಿ ಕೇಳಿದ್ದನ್ನು ಧಾರವಾಡದಲ್ಲಿ ಅವರ ತಮ್ಮ ಕನ್ನಡದಲ್ಲಿ ಕೇಳಿರುತ್ತಿದ್ದರು. ಆಮೇಲೆ ಇನ್‌ಲ್ಯಾಂಡ್ ಲೆಟರಿನಲ್ಲಿ ಅಕ್ಕ ತಮ್ಮಂದಿರ ಜಗಳ: ಆ ಮಗ ಹಾಗೆ ಮಾಡಬಾರದಿತ್ತು, ಆ ತಾಯಿಯದೇ ತಪ್ಪು. ಮನೆಯ ಸುದ್ದಿ, ಆರೋಗ್ಯದ ಸುದ್ದಿ ಎಲ್ಲ ಕಡೆಯ ಮಡಿಕೆಯಲ್ಲಿ, ಅಂಚಿನಲ್ಲಿ ಒತ್ತಿ ಬರೆದಿರುತ್ತಿತ್ತು.

ಕಾಶಿಯವರಿಗೆ ರಹಸ್ಯದ ಕಥೆಗಳ ರುಚಿ ಹಳೆಯದು. ದೇವಕೀನಂದನ ಖತ್ರಿ 1888ರಲ್ಲಿ 'ಚಂದ್ರಕಾಂತಾ' ಬರೆದದ್ದು ಇದೇ ಊರಿನಿಂದ. ಅವರ ಲಹರೀ ಪ್ರೆಸ್ ಇದ್ದದ್ದೂ ಇಲ್ಲಿಯೇ. ಆ ಪುಸ್ತಕ ಓದಲೆಂದೇ ಹಿಂದಿ ಕಲಿತವರಿದ್ದರು ಎಂದು ಇಂದಿಗೂ ಹೇಳುತ್ತಾರೆ. ಪಕ್ಕದ ಗಾಜೀಪುರ ಜಿಲ್ಲೆಯ ಗಹಮರ್ ಊರಿನ ಗೋಪಾಲರಾಮ್ ಗಹಮರಿ 1900ರಲ್ಲಿ 'ಜಾಸೂಸ್' ಎಂಬ ಮಾಸಪತ್ರಿಕೆಯನ್ನೇ ತೆಗೆದರು. ಖತ್ರಿಯವರ ಮಗ ದುರ್ಗಾಪ್ರಸಾದ್ ಖತ್ರಿಯೂ ಅದೇ ದಾರಿ ಹಿಡಿದರು. ನಮ್ಮಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಎಷ್ಟು ಜನರಿಗೆ ಓದಿನ ಗೀಳು ಹತ್ತಿಸಿದನೋ ಅದೇ ಕೆಲಸ ಅಲ್ಲಿ ಇವರು ಮಾಡಿದರು. ಆ ಪುಸ್ತಕಗಳಲ್ಲಿ ಕೆಟ್ಟವನು ಸಿಕ್ಕಿಬೀಳುತ್ತಿದ್ದ, ಓದಿದವರು ನೆಮ್ಮದಿಯಾಗಿ ಮಲಗುತ್ತಿದ್ದರು.

ನಮ್ಮ ಗಲ್ಲಿಯ ನಿದ್ದೆ ಕೆಡಿಸಿದ ನಾಟಕ ಬಂದದ್ದು ಶಿವರಾತ್ರಿ ಕಳೆದು ಹೋಳಿ ಇನ್ನೂ ಬಾರದ ದಿನಗಳಲ್ಲಿ. ಕಾಲು ಗಂಟೆಯದು. ಮುಘಲ್‌ಸರಾಯ್ ಹತ್ತಿರದ ಹಳ್ಳಿಯೊಂದರ ಹವೇಲಿ. ಕುಡುಕ ಜಮೀನ್ದಾರನ ಕೊಲೆಯಾಗಿದೆ, ಹೆಂಡತಿಯನ್ನು ಕುರ್ಚಿಗೆ ಕಟ್ಟಿಹಾಕಿದ್ದಾರೆ. ಆಕೆ ಸಿಐಡಿ ಇನ್ಸ್‌ಪೆಕ್ಟರಿಗೆ ಹೇಳುತ್ತಾಳೆ: ಬಂದವರು ಮೂವರು, ಒಬ್ಬ ಅಪ್ಪ, ಇಬ್ಬರು ಮಕ್ಕಳು, ಈ ಸೀಮೆಯಲ್ಲೆಲ್ಲ ಹೆಸರು ಕೆಟ್ಟ ಕಳ್ಳರ ಗುಂಪು, ಬೆಳ್ಳಿ ಪಾತ್ರೆ ಕಟ್ಟಿಕೊಂಡರು, ಅಡ್ಡ ಬಂದ ಗಂಡನನ್ನು ಹೊಡೆದು ಕೊಂದರು, ಹೋಗುವ ಮುಂಚೆ ಮೇಜಿನ ಮೇಲಿದ್ದ ಠಂಡಾಯಿಯನ್ನು ಮೂವರೂ ಕುಡಿದು ಹೋದರು.

ಅವಳು ಹೇಳುತ್ತಿದ್ದ ಹಾಗೆಯೇ ಹಿನ್ನೆಲೆಯಲ್ಲಿ ಆ ರಾತ್ರಿಯ ಸದ್ದುಗಳು ಬರುತ್ತವೆ. ಬಾಗಿಲು, ಹೆಜ್ಜೆ, ಲೋಟ ಇಟ್ಟ ಸದ್ದು. ಎದುರು ಮನೆಯ ಮಾಮಿ ಕತ್ತಲಲ್ಲೇ ಹೇಳಿದರು: "ದೋ ಹೀ ಬಾರ್ ರಖಾ." ಎರಡೇ ಸಲ ಇಟ್ಟರು. ಅವರು ಹೇಳಿ ಮೂರ್ನಾಲ್ಕು ನಿಮಿಷದ ಮೇಲೆ ಇನ್ಸ್‌ಪೆಕ್ಟರು ಮೇಜಿನ ಬಳಿ ಹೋಗಿ ಲೋಟಗಳನ್ನು ನೋಡಿದ. ಬಾದಾಮಿ, ಗಸಗಸೆಯ ಗಸಿ ಒಂದೇ ಲೋಟದ ತಳದಲ್ಲಿ ದಪ್ಪವಾಗಿ ಕೂತಿದೆ, ಉಳಿದೆರಡರಲ್ಲಿ ಇಲ್ಲ. ಕುಡಿದವರು ಇಬ್ಬರೇ, ಮೂವರೆಂದು ತೋರಿಸಲು ಉಳಿದ ಗಸಿಯನ್ನು ಮೂರನೆಯದಕ್ಕೆ ಸುರಿದಿದ್ದಾರೆ. ಕಣ್ಣಿಗೆ ಕಾಣುವ ಸುಳಿವನ್ನು ಆ ಹೆಂಗಸು ಬರೀ ಕಿವಿಯಿಂದ ಪತ್ತೆ ಹಚ್ಚಿದ್ದರು. ಹಾಗೆ ಕೇಳುತ್ತಿದ್ದ ಜನ ಅವರು.

ಆಮೇಲಿನದು ನಿಜದ ಕಥೆ. ಗಂಡ ದಿನಾ ಹೊಡೆಯುತ್ತಿದ್ದ. ಹುಡುಗಿಯಾಗಿದ್ದಾಗಿನಿಂದ ಅವಳನ್ನು ಬಲ್ಲ ಒಬ್ಬ ರೈಲ್ವೆ ಗಾರ್ಡ್ ಆ ರಾತ್ರಿ ನೋಡಿ ಮಾತಾಡಿಸಲು ಬಂದಿದ್ದಾನೆ. ಗಂಡ ದೊಣ್ಣೆ ಹಿಡಿದು ಬಂದು ಅವಳ ಮುಖಕ್ಕೆ ಬೀಸುತ್ತಾನೆ. ಗಾರ್ಡ್ ಕೈಗೆ ಸಿಕ್ಕ ಕಬ್ಬಿಣದ ಸಲಾಕೆ ಎತ್ತುತ್ತಾನೆ. ಮನೆಯ ಮುದುಕಿ ದಾಸಿ ಗಟ್ಟಿಗಿತ್ತಿ; ಕಟ್ಟುವುದು, ಬೆಳ್ಳಿ ಬಚ್ಚಿಡುವುದು, ಕಳ್ಳರ ಹೆಸರು ಹೇಳುವುದು ಎಲ್ಲ ಅವಳ ಉಪಾಯ. ಇನ್ಸ್‌ಪೆಕ್ಟರು ಗಾರ್ಡನ್ನು ಕರೆಸಿ ಕೂರಿಸಿ ಎಲ್ಲ ಕೇಳುತ್ತಾನೆ. ನೀನು ಓಡಿಹೋಗು ಎಂದರೂ ಅವನು ಹೋಗುವುದಿಲ್ಲ, ಅವಳ ಮೇಲೆ ಅಪವಾದ ಬರುತ್ತದೆ ಎನ್ನುತ್ತಾನೆ. ಆಗ ಇನ್ಸ್‌ಪೆಕ್ಟರು ತನ್ನ ಸಹಾಯಕನ ಕಡೆ ತಿರುಗಿ, ನೀನೇ ಪಂಚ, ಹೇಳು, ಇವನು ಅಪರಾಧಿಯೋ ಅಲ್ಲವೋ ಎಂದು ಕೇಳುತ್ತಾನೆ. ಅಲ್ಲ ಎನ್ನುತ್ತಾನೆ ಸಹಾಯಕ. ಲೇಖನಿಯ ಸದ್ದು. ರಿಪೋರ್ಟಿನಲ್ಲಿ ಕೊಲೆ ಮಾಡಿದವರು ಆ ಮೂವರು ಕಳ್ಳರು. ದೂರದಲ್ಲಿ ಗಾರ್ಡಿನ ಸೀಟಿ, ರೈಲು ಹೊರಟ ಸದ್ದು, ಸಂಗೀತ.

ಆ ರಾತ್ರಿ ಯಾರೂ ಹೆಚ್ಚು ಮಾತಾಡಲಿಲ್ಲ. ಬೆಳಿಗ್ಗೆ ಗಂಗೆಯಿಂದ ಮಿಂದು ಬರುವವರೆಲ್ಲ ಬಂದು ಪಾನ್ ಅಂಗಡಿಯ ಮುಂದೆ ನಿಂತರು.

ಹೆಂಗಸರೆಲ್ಲರದೂ ಒಂದೇ ಮಾತು: ದರೋಗಾ, ಅಂದರೆ ಆ ಇನ್ಸ್‌ಪೆಕ್ಟರು, ಮಾಡಿದ್ದು ಸರಿ. ಇದು ಬರೀ ಕಥೆಯ ಮೇಲಿನ ಕನಿಕರವಲ್ಲ. ಕಾಶಿಯ 'ಆಜ್' ಪತ್ರಿಕೆ ಬಿಚ್ಚಿದರೆ ಒಳಪುಟದಲ್ಲಿ ಸ್ಟವ್ ಸಿಡಿದು ಸೊಸೆ ಸತ್ತ ಸುದ್ದಿ ಇರುತ್ತಿದ್ದ ವರ್ಷಗಳು ಅವು. ಹೆಂಡತಿಗೆ ಹಿಂಸೆ ಕೊಟ್ಟ ಗಂಡನಿಗೆ ಶಿಕ್ಷೆಯೆಂದು ದಂಡ ಸಂಹಿತೆಗೆ 498ಎ ಕಲಮು ಸೇರಿದ್ದೇ 1983ರಲ್ಲಿ. ಮಾಮಿ ಕೇಳಿದರು: ಕೋರ್ಟಿಗೆ ಹೋಗಿದ್ದರೆ ಆ ಹೆಣ್ಣು ಮಗಳನ್ನು ಏನೇನು ಕೇಳುತ್ತಿದ್ದರು, ರಾತ್ರಿ ಹೊತ್ತು ಅವನು ಯಾಕೆ ಬಂದಿದ್ದ ಎಂದಲ್ಲವೇ? ಅದಕ್ಕೆ ಯಾರಲ್ಲೂ ಉತ್ತರವಿರಲಿಲ್ಲ.

ಪೇಶ್ಕಾರ್ ಸಾಹೇಬರು ಒಪ್ಪಲಿಲ್ಲ. ನ್ಯಾಯಾಧೀಶರ ಪೀಠದ ಕೆಳಗೆ ಕೂತು ಕಡತ ಎತ್ತಿಕೊಡುವುದರಲ್ಲಿ ಆಯುಸ್ಸು ಕಳೆದವರು. ಪಾನ್ ಉಗುಳಿ ಬಂದು ನಿಧಾನವಾಗಿ ಹೇಳಿದರು: "ಗುರು, ದರೋಗಾನಿಗೆ ಜಡ್ಜ್ ಕುರ್ಚಿ ಕೊಟ್ಟವರು ಯಾರು? ಇವತ್ತು ಒಳ್ಳೆಯವನನ್ನು ಬಿಡಲು ಸುಳ್ಳು ಬರೆದ. ಅದೇ ಲೇಖನಿ, ಅದೇ ಕಾಗದ. ನಾಳೆ ಯಾರನ್ನೋ ಕೊಂದು, ಡಕಾಯಿತನೆಂದು ಬರೆಯುತ್ತಾನೆ." ಎನ್‌ಕೌಂಟರಿನ ಸುದ್ದಿ ಉತ್ತರ ಪ್ರದೇಶದವರು ಓದಿ ಓದಿ ದಣಿದಿದ್ದ ಕಾಲ. ಅವರ ಮಾತು ಯಾರಿಗೂ ಕಾಲ್ಪನಿಕವೆನ್ನಿಸಲಿಲ್ಲ.

ಆಗ ಮಹಡಿಯ ಕಿಟಕಿಯಿಂದ ಅಜ್ಜಿ ನನ್ನನ್ನು ಕೂಗಿದರು. ಎಲ್ಲರಿಗೂ ಅರ್ಥವಾಗಲೆಂದು ಹಿಂದಿಯಲ್ಲೇನೂ ಕೇಳಲಿಲ್ಲ, ಕನ್ನಡದಲ್ಲೇ ಕೇಳಿದರು: "ಅಲ್ಲೋ ತಮ್ಮಾ, ಆ ಕಳ್ಳರ ಗತಿ ಏನಾತು?"

ನಾನು ಅದನ್ನು ಹಿಂದಿಗೆ ತಿರುಗಿಸಿ ಹೇಳಿದೆ. ಪಾನ್ ಅಂಗಡಿಯ ಮುಂದೆ ಸದ್ದಿಲ್ಲ. ಅಷ್ಟು ಜನ ಅಷ್ಟು ಹೊತ್ತಿನಿಂದ ಮಾತಾಡಿದ್ದರು. ಒಬ್ಬರಿಗೂ ಆ ಮೂವರ ನೆನಪಾಗಿರಲಿಲ್ಲ.

ಅಜ್ಜಿ ಕೆಳಗಿಳಿದು ಬಂದು ಬಾಗಿಲಲ್ಲಿ ನಿಂತರು. "ಅವರು ಬೇರೆ ಏನರೆ ಕದ್ದಿರಬಹುದು. ಇದನ್ನಂತೂ ಕದ್ದಿಲ್ಲ, ಕೊಂದೂ ಇಲ್ಲ. ಚಂದ್ರಮತಿ ಕತಿ ನೆನಪದ ಏನು ನಿನಗ? ಕಾಶಿ ರಾಜನ ಮಗನ್ನ ಕೊಂದವರು ಬ್ಯಾರೆ, ಸಿಕ್ಕಾಕಿ ಆಕಿ. ಇಲ್ಲೆ ಕೊಂದಾಂವ ರೈಲು ಹತ್ತಿ ಹೋದ, ಸಿಗೋವರು ಬ್ಯಾರೆ. ಎರಡೂ ಒಂದ ಅಲ್ಲೇನು?"

ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ಅವರು ಚಿಕ್ಕಂದಿನಲ್ಲಿ ಗಮಕದಲ್ಲಿ ಕೇಳಿ ಬೆಳೆದವರು. ಕೊಲೆಯ ಆರೋಪ ಹೊತ್ತ ಹೆಂಡತಿಯ ತಲೆ ಕಡಿಯಲು ಹರಿಶ್ಚಂದ್ರನೇ ಕತ್ತಿ ಎತ್ತಬೇಕಾಗಿ ಬಂದ ಆ ಜಾಗ, ಕಥೆಯ ಪ್ರಕಾರ, ನಾವು ನಿಂತಿದ್ದಲ್ಲಿಂದ ನಾಲ್ಕು ಹೆಜ್ಜೆ. ಹರಿಶ್ಚಂದ್ರ ಘಾಟಿನ ಚಿತೆಯ ಹೊಗೆ ದಿನವೂ ನಮ್ಮ ಕಿಟಕಿಗೆ ಬರುತ್ತಿತ್ತು. ಏಳು ನೂರು ವರ್ಷಕ್ಕೂ ಹಿಂದಿನ ಕನ್ನಡ ಕಾವ್ಯವೊಂದು ಆಕಾಶವಾಣಿಯ ಪತ್ತೇದಾರಿ ನಾಟಕದ ಬಾಯಿ ಕಟ್ಟಿಸಿದ್ದನ್ನು ನಾನು ಕಣ್ಣಾರೆ ಕಂಡೆ. ತರಗತಿಯಲ್ಲಿ ಯಾವ ಪ್ರಾಧ್ಯಾಪಕರೂ ನನಗೆ ಕಾವ್ಯ ಯಾತಕ್ಕೆ ಎಂಬುದನ್ನು ಅಷ್ಟು ಚೆನ್ನಾಗಿ ತೋರಿಸಿಲ್ಲ.

ಹಾಲಿನವ ಅಷ್ಟು ಹೊತ್ತೂ ಸೈಕಲ್ ಹಿಡಿದುಕೊಂಡು ಸುಮ್ಮನೆ ನಿಂತಿದ್ದ. ಹೊಳೆಯಾಚೆಯ ಹಳ್ಳಿಯವನು. ನಮ್ಮಲ್ಲಿ ಎಲ್ಲಿ ಕಳ್ಳತನವಾದರೂ ಠಾಣೆಯವರು ಮೊದಲು ಯಾವ ಕೇರಿಗೆ ಬರುತ್ತಾರೆಂದು ಮಕ್ಕಳಿಗೂ ಗೊತ್ತು, ಎಂದ. ಲೀಟರ್ ಹಾಕಿ ಅಳೆದು ಕೊಟ್ಟು ಹೋದ. ಯಾವ ಕೇರಿ ಎಂದು ಯಾರೂ ಕೇಳಲಿಲ್ಲ.

ಕೆಲವು ವಾರ ಬಿಟ್ಟು ವಿಶ್ವವಿದ್ಯಾಲಯದ ಸಯಾಜಿರಾವ್ ಗಾಯಕವಾಡ್ ಗ್ರಂಥಾಲಯದಲ್ಲಿ ಕುಳಿತು ಷೆರ್ಲಾಕ್ ಹೋಮ್ಸ್ ಓದುತ್ತಿದ್ದಾಗ ಆ ನಾಟಕದ ಮೂಲ ಸಿಕ್ಕಿತು. ಕಾನನ್ ಡಾಯ್ಲ್ 1904ರಲ್ಲಿ ಪ್ರಕಟಿಸಿದ 'ಅಬೀ ಗ್ರೇಂಜ್' ಕಥೆ. ಜಮೀನ್ದಾರ ಅಲ್ಲಿ ಸರ್ ಯೂಸ್ಟೇಸ್, ಗಾರ್ಡ್ ಅಲ್ಲಿ ಹಡಗಿನ ಕಪ್ತಾನ, ಠಂಡಾಯಿ ಅಲ್ಲಿ ವೈನ್. ವಾಟ್ಸನ್ನನನ್ನು ಪಂಚನನ್ನಾಗಿ ಮಾಡಿ ಹೋಮ್ಸ್ ಕಪ್ತಾನನನ್ನು ಬಿಟ್ಟುಬಿಡುತ್ತಾನೆ. ಆಗಿನ ಇಂಗ್ಲೆಂಡಿನಲ್ಲಿ ಗಂಡನ ಕ್ರೌರ್ಯವೊಂದೇ ಕಾರಣವಾದರೆ ಹೆಂಡತಿಗೆ ವಿಚ್ಛೇದನ ಸಿಗುತ್ತಿರಲಿಲ್ಲ. ಡಾಯ್ಲ್ ಮುಂದೆ ವಿಚ್ಛೇದನ ಕಾನೂನಿನ ಸುಧಾರಣೆಗೆ ಹೋರಾಡುವ ಸಂಘದ ಅಧ್ಯಕ್ಷನೂ ಆದ. ಮಾಮಿಯ ಸಿಟ್ಟೂ ಅವನ ಸಿಟ್ಟೂ ಒಂದೇ ಬಗೆಯದು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು. ಮೂಲ ಕಥೆಯಲ್ಲಿ ಆ ಅಪ್ಪ ಮಕ್ಕಳ ಕಳ್ಳರ ಗುಂಪು ಅದೇ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಸಿಕ್ಕಿಬಿದ್ದಿರುತ್ತದೆ. ಕೊಲೆ ಅವರದಾಗಿರಲು ಸಾಧ್ಯವೇ ಇಲ್ಲವೆಂದು ಪೊಲೀಸರಿಗೆ ತಾನಾಗಿ ಗೊತ್ತಾಗುತ್ತದೆ. ಅಂದರೆ ಡಾಯ್ಲ್ ಆ ಕಳ್ಳರನ್ನು ನೇಣಿನಿಂದ ದೂರ ಕಳಿಸಿ, ಆಮೇಲೆ ಹೋಮ್ಸ್‌ಗೆ ದೊಡ್ಡ ಮನಸ್ಸು ಮಾಡಲು ಅವಕಾಶ ಕೊಟ್ಟಿದ್ದ. ಕಾಲು ಗಂಟೆಗೆ ಇಳಿಸುವಾಗ ನಾಟಕದವರು ಆ ಎಳೆಯನ್ನು ಕತ್ತರಿಸಿದ್ದರು. ಸಮಯವಿರಲಿಲ್ಲ ಅಷ್ಟೇ, ಬೇರೆ ದುರುದ್ದೇಶವಿರಲಿಕ್ಕಿಲ್ಲ. ಕತ್ತರಿಸಿದ ಜಾಗ ಸರಿಯಾಗಿ ಎಲ್ಲಿದೆಯೋ ಅಲ್ಲಿಗೇ ಅಜ್ಜಿ ಬೆರಳಿಟ್ಟಿದ್ದರು, ಮೂಲದ ಹೆಸರು ಕೂಡ ತಿಳಿಯದೆ.

ಅಷ್ಟರಲ್ಲಿ ಗಲ್ಲಿಯವರು ಸೇರಿ ನಾಟಕದವರಿಗೊಂದು ಕಾರ್ಡು ಬರೆದಾಗಿತ್ತು. ಆಗ ಹದಿನೈದು ಪೈಸೆಯ ಕಾರ್ಡು. ಬರೆದವರು ಪೇಶ್ಕಾರ್ ಸಾಹೇಬರು, ಕೋರ್ಟಿನ ಅಕ್ಷರ, ಸಾಲು ಒಂದಿಷ್ಟೂ ಅತ್ತಿತ್ತ ಆಗದಂಥದು. 'ಶ್ರೋತೃಗಳ ನಿವೇದನೆ' ಎಂದು ಶುರು. ಇನ್ಸ್‌ಪೆಕ್ಟರು ತಪ್ಪು ಮಾಡಿದ್ದಾನೆ ಎಂದು ಅವರು ಬರೆಯಹೊರಟರೆ ಮಾಮಿ ಒಪ್ಪಲಿಲ್ಲ. ಸರಿ ಮಾಡಿದ್ದಾನೆ ಎನ್ನಲು ಇವರು ಒಪ್ಪಲಿಲ್ಲ. ಪಾನ್ ಅಂಗಡಿಯವನು ನಟನ ಧ್ವನಿ ಚೆನ್ನಾಗಿತ್ತೆಂದು ಸೇರಿಸಬೇಕೆಂದ. ಕಡೆಗೆ ಎರಡೂ ಅಭಿಪ್ರಾಯ ಬರೆದು, ಕೆಳಗೆ ಉಳಿದ ಜಾಗದಲ್ಲಿ ಅಜ್ಜಿಯ ಪ್ರಶ್ನೆ. ಗಾರ್ಡನ್ನು ಬಿಟ್ಟದ್ದಕ್ಕೆ ನಮ್ಮಲ್ಲಿ ಒಮ್ಮತವಿಲ್ಲ, ಆದರೆ ಮೂವರು ನಿರಪರಾಧಿಗಳ ಮೇಲಿನ ಕೊಲೆ ಆರೋಪವನ್ನು ಮುಂದಿನ ಯಾವುದಾದರೂ ಕಂತಿನಲ್ಲಿ ತೆಗೆದುಹಾಕಬೇಕೆಂದು ಎಲ್ಲರೂ ಕೇಳಿಕೊಳ್ಳುತ್ತೇವೆ, ಎಂದು. ಕಾಲ್ಪನಿಕ ಮನುಷ್ಯರ ಪರವಾಗಿ ಬೆಳಗಿನ ಕೆಲಸ ಬಿಟ್ಟು ಅರ್ಜಿ ಬರೆದ ಆ ಜನರ ಮೇಲೆ ನನಗಿರುವ ಗೌರವ ಇವತ್ತಿಗೂ ಹಾಗೇ ಇದೆ.

ಅವರಿಗೆ ಅಷ್ಟು ಹತ್ತಿಕೊಂಡದ್ದೇಕೆ ಎಂದು ಬಹಳ ಯೋಚಿಸಿದ್ದೇನೆ. ರೇಡಿಯೋದಲ್ಲಿ ಮುಖವಿಲ್ಲ. ಆ ಹೆಂಡತಿ ಸುಂದರಿಯೇ, ಆ ಗಾರ್ಡ್ ನೋಡಲು ಒಳ್ಳೆಯವನಂತಿದ್ದನೇ, ಕಳ್ಳರ ಮೀಸೆ ಹೇಗಿತ್ತು, ಯಾವುದೂ ನಮಗೆ ಗೊತ್ತಿಲ್ಲ. ಮಾಮಿಗೆ ಆ ಹೆಂಡತಿಯ ಮುಖ ತಾವು ಬಲ್ಲ ಯಾವಳೋ ಹುಡುಗಿಯದಾಗಿತ್ತು. ಹಾಲಿನವನಿಗೆ ಕಳ್ಳರ ಮುಖ ತನ್ನೂರಿನವರದಾಗಿತ್ತು. ಒಬ್ಬೊಬ್ಬರೂ ತಮ್ಮ ತಮ್ಮ ಕಡೆಯವರನ್ನು ಆ ಧ್ವನಿಗಳೊಳಗೆ ಕೂರಿಸಿಕೊಂಡಿದ್ದರು. ಜೊತೆಗೆ ನಾಟಕಕ್ಕೂ ವಾದಕ್ಕೂ ನಡುವೆ ಒಂದು ಪೂರ್ತಿ ರಾತ್ರಿ ಇತ್ತು. ಮತ್ತೆ ಹಾಕಿ ಕೇಳುವ ಹಾಗಿಲ್ಲ, ನೆನಪಿನಲ್ಲಿದ್ದಷ್ಟೇ ಸಾಕ್ಷಿ. ಲೋಟದ ಸದ್ದು ಎರಡೋ ಮೂರೋ ಎಂಬುದಕ್ಕೆ ಮಾಮಿಯ ಮಾತೇ ಪ್ರಮಾಣ.

ಹಾಗೆ ಕೂತು ಕೇಳುವುದು, ವಾದಿಸುವುದು ಕಡಿಮೆಯಾದದ್ದು ಒಂದೇ ಸಲಕ್ಕೇನಲ್ಲ. 1984ರಲ್ಲಿ ದೂರದರ್ಶನದಲ್ಲಿ 'ಹಮ್ ಲೋಗ್' ಬಂತು. ಪ್ರತಿ ಕಂತಿನ ಕೊನೆಗೆ ಅಶೋಕ್ ಕುಮಾರ್ ಬಂದು ಯಾರು ಎಲ್ಲಿ ಎಡವಿದರೆಂದು ತಿಳಿಹೇಳುತ್ತಿದ್ದರು. ಬಹಳ ದೊಡ್ಡ ನಟ, ಬಹಳ ಪ್ರೀತಿಯಿಂದ ಹೇಳುತ್ತಿದ್ದರು, ಜನ ಅವರಿಗೆ ಮೂಟೆಗಟ್ಟಲೆ ಕಾಗದ ಬರೆದರು. ಆದರೂ ಗಲ್ಲಿಯಲ್ಲಿ ಪೇಶ್ಕಾರ್ ಸಾಹೇಬರ ಕೆಲಸವನ್ನು ಪೆಟ್ಟಿಗೆಯೊಳಗಿನ ಹಿರಿಯರೊಬ್ಬರು ವಹಿಸಿಕೊಂಡ ಹಾಗಾಯಿತು. ಮರುವರ್ಷ 'ಕರಮ್‌ಚಂದ್' ಬಂದ. ಪಂಕಜ್ ಕಪೂರ್ ಕ್ಯಾರೆಟ್ ಕಡಿಯುತ್ತ ಕೊಲೆಗಾರನನ್ನು ಹಿಡಿಯುತ್ತಿದ್ದ, ಮಕ್ಕಳು ಅವನ ಹಾಗೆ ಮಾತಾಡುತ್ತಿದ್ದರು. ನನಗೂ ಇಷ್ಟವಾಗಿತ್ತು. ಮರುದಿನ ಮಾತಾಡಲು ಮಾತ್ರ ಏನೂ ಉಳಿದಿರುತ್ತಿರಲಿಲ್ಲ. 1987ರ ಜನವರಿಯಲ್ಲಿ 'ರಾಮಾಯಣ' ಶುರುವಾದ ಮೇಲೆ ಟಿವಿ ಇದ್ದ ಮನೆಯೊಳಗೆ ಎಲ್ಲರೂ ಸೇರಿದರು, ಕಿಟಕಿಯ ಟ್ರಾನ್ಸಿಸ್ಟರು ಒಳಗೆ ಹೋಯಿತು.

1940ರಲ್ಲಿ ಆರಂಭವಾಗಿ ಪೂರ್ವ ಉತ್ತರ ಪ್ರದೇಶದ ಹಳ್ಳಿಹಳ್ಳಿಗೆ ಸುದ್ದಿ ಮುಟ್ಟಿಸಿದ ಬಿಬಿಸಿ ಹಿಂದಿಯ ಶಾರ್ಟ್‌ವೇವ್ ಪ್ರಸಾರ 2020ರ ಜನವರಿಯಲ್ಲಿ ನಿಂತಿತು. ಆಕಾಶವಾಣಿಯ ಮಧ್ಯಮ ತರಂಗದ ಟ್ರಾನ್ಸ್‌ಮಿಟರುಗಳು ದೇಶದಲ್ಲಿ ಒಂದೊಂದಾಗಿ ಮುಚ್ಚುತ್ತಿವೆ. 'ಹವಾ ಮಹಲ್' ಮಾತ್ರ ಇನ್ನೂ ಇದೆ, ಫೋನಿನಲ್ಲೂ ಕೇಳಬಹುದು. ಕೊಲೆ, ಪತ್ತೆದಾರಿಕೆಯ ಪಾಡ್‌ಕ್ಯಾಸ್ಟುಗಳಿಗಂತೂ ಲೆಕ್ಕವಿಲ್ಲ. ಕೇಳುವವರು ಆಗಿನದಕ್ಕಿಂತ ಹೆಚ್ಚೇ ಇರಬಹುದು. ಈಚೆಗೆ ಕಾಶಿಗೆ ಹೋದಾಗ ಅದೇ ಘಾಟಿನ ಮೆಟ್ಟಿಲ ಮೇಲೆ ಹುಡುಗ ಹುಡುಗಿಯರು ಕಿವಿಗೆ ಇಯರ್‌ಫೋನ್ ಹಾಕಿ ಕೂತಿದ್ದರು. ಒಬ್ಬನನ್ನು ಮಾತಾಡಿಸಿದೆ. ಕೊಲೆಯ ಕಥೆಯೇ ಕೇಳುತ್ತಿದ್ದ, ಚೆನ್ನಾಗಿ ಕೇಳಿದ್ದ, ವಿವರಗಳೆಲ್ಲ ಬಾಯಲ್ಲಿ. ಯಾರ ಜೊತೆ ಇದನ್ನು ಮಾತಾಡುತ್ತೀಯಪ್ಪಾ ಎಂದೆ. ಮುಗಿದ ತಕ್ಷಣ ಮುಂದಿನದು ಶುರುವಾಗುತ್ತದಲ್ಲ ಅಂಕಲ್, ಎಂದ.

ನಾಟಕಗಳ ಧ್ವನಿಮುದ್ರಣಗಳಲ್ಲಿ ಕೆಲವಾದರೂ ಆಕಾಶವಾಣಿಯ ಸಂಗ್ರಹದಲ್ಲಿ ಉಳಿದಿವೆ, ಆಗಾಗ ಮರುಪ್ರಸಾರವೂ ಆಗುತ್ತವೆ. ಕೇಳಿದವರು ಆಡಿದ ಮಾತನ್ನು ಯಾವ ಟೇಪಿನಲ್ಲೂ ಯಾರೂ ಹಿಡಿದಿಲ್ಲ. ಪೇಶ್ಕಾರ್ ಸಾಹೇಬರಿಲ್ಲ, ಮಾಮಿ ಇಲ್ಲ, ಅಜ್ಜಿಯೂ ಹೋಗಿ ಬಹಳ ಕಾಲವಾಯಿತು. ಅದಕ್ಕಾಗಿ ಆ ಮೊಕದ್ದಮೆಯಲ್ಲಿ ಹನುಮಾನ್ ಘಾಟಿನ ಗಲ್ಲಿ ಕೊಟ್ಟ ತೀರ್ಪನ್ನು ನನಗೆ ನೆನಪಿದ್ದ ಹಾಗೆ ಇಲ್ಲಿ ದಾಖಲಿಸುತ್ತಿದ್ದೇನೆ. ಮಾಮಿ ಮತ್ತು ಗಲ್ಲಿಯ ಹೆಂಗಸರೆಲ್ಲ: ಗಾರ್ಡ್ ನಿರ್ದೋಷಿ, ಇನ್ಸ್‌ಪೆಕ್ಟರು ಪುಣ್ಯವಂತ. ಪೇಶ್ಕಾರ್ ಸಾಹೇಬರು: ಮೊಕದ್ದಮೆ ನಡೆಯಲೇಬೇಕು, ಗಾರ್ಡಿಗೆ ಶಿಕ್ಷೆ ಕಡಿಮೆಯಾಗಲಿ, ಇನ್ಸ್‌ಪೆಕ್ಟರು ಸಸ್ಪೆಂಡ್ ಆಗಲಿ. ಪಾನ್ ಅಂಗಡಿಯವನು: ಮೊದಲ ದಿನ ಮಾಮಿಯ ಕಡೆ, ಹಾಲಿನವನು ಹೇಳಿದ್ದು ಕೇಳಿದ ಮೇಲೆ ಪೇಶ್ಕಾರರ ಕಡೆ. ನಾನು: ಗಾರ್ಡನ್ನು ಬಿಡಬೇಕು, ಆದರೆ ಸತ್ಯ ಬರೆದೇ ಬಿಡಬೇಕು. ಅದು ಹೇಗೆ ಸಾಧ್ಯವೆಂದು ಪೇಶ್ಕಾರ್ ಸಾಹೇಬರು ಕೇಳಿದ್ದಕ್ಕೆ ಉತ್ತರ ಇನ್ನೂ ಹುಡುಕುತ್ತಿದ್ದೇನೆ. ಹಾಲಿನವನು ಯಾರ ಕಡೆಯೂ ಹೇಳಲಿಲ್ಲ. ಅಜ್ಜಿ: ಗಾರ್ಡನ ಮಾತು ಆಮೇಲೆ, ಮೊದಲು ಆ ಮೂರು ಮಂದಿ ಹೆಸರು ಕಾಗದದಿಂದ ತೆಗೀರಿ.